ಒಳ್ಳೆಯ ಕೆಲಸಕ್ಕಿಳಿದ ಸಣ್ಣ ಬ್ರ್ಯಾಂಡ್‌ಗಳಿಗೆ ಡಿಸೈನ್ ಮಾಡಿಕೊಂಡು ಬದುಕುವುದು ಹೇಗೆ

ಒಂದು ಸಾಬೂನಿನ ಲೇಬಲ್ಲಿಗೆ ನಾನು ಬಾರ್‌ಕೋಡನ್ನು ಇಟ್ಟಿಗೆ ಕೆಂಪಿನಲ್ಲಿ ಹಾಕಿದ್ದೆ. ಬ್ರ್ಯಾಂಡಿನ ಬಣ್ಣವೇ ಅದು. ಇಡೀ ಲೇಬಲ್ಲಿನಲ್ಲಿ ಕಪ್ಪು ಗೆರೆ ಮಾತ್ರ ಯಾಕೆ ಕಣ್ಣಿಗೆ ಚುಚ್ಚಬೇಕು ಅಂತ. ಪ್ರೂಫ್ ನೋಡಿದವರೆಲ್ಲ ಚೆನ್ನಾಗಿದೆ ಅಂದರು. ಸರಕು ಅಂಗಡಿ ಸೇರಿದ ದಿನ ಸ್ಕ್ಯಾನರ್ ಒಂದು ಸಲವೂ ಬೀಪ್ ಅನ್ನಲಿಲ್ಲ. ಬಿಲ್ಲಿಂಗ್ ಕೌಂಟರಿನ ಸ್ಕ್ಯಾನರ್‌ಗಳು ಬಹುಪಾಲು ಕೆಂಪು ಬೆಳಕಿನಲ್ಲಿ ಓದುತ್ತವೆ. ಆ ಬೆಳಕಿಗೆ ಕೆಂಪು ಗೆರೆಯೂ ಬಿಳಿ ಕಾಗದವೂ ಒಂದೇ. ನಮ್ಮ ಕಣ್ಣಿಗೆ ಅಷ್ಟು ಚೆಂದ ಕಂಡದ್ದು ಯಂತ್ರಕ್ಕೆ ಖಾಲಿ ಹಾಳೆ.

ಸಾಬೂನು ಮಾಡುವಾಕೆ ಎರಡು ರಾತ್ರಿ ಕೂತು ಒಂದೊಂದು ಪೊಟ್ಟಣದ ಮೇಲೂ ಕಪ್ಪು ಬಾರ್‌ಕೋಡಿನ ಸ್ಟಿಕರ್ ಅಂಟಿಸಿದರು. ನಾನೂ ಹೋಗಿ ಕೂತೆ. ಅವರು ಬೈಯಲಿಲ್ಲ. "ಸುಕ್ಕು ಬರದ ಹಾಗೆ ಅಂಟಿಸಿ, ಮತ್ತೆ ಓದದಿದ್ದರೆ ಕಷ್ಟ" ಅಂದರು, ಅಷ್ಟೇ. ಬೈದಿದ್ದರೇ ವಾಸಿ ಇತ್ತು.

ದೊಡ್ಡ ಕಂಪನಿಯಾಗಿದ್ದರೆ ಆ ಲೇಬಲ್‌ಗಳನ್ನು ರದ್ದಿಗೆ ಹಾಕಿ ಮತ್ತೆ ಪ್ರಿಂಟ್ ಮಾಡಿಸುತ್ತಿದ್ದರು. ಇಲ್ಲಿ ಆ ಒಂದು ಕಂತಿನ ಸರಕೇ ಮೂರು ತಿಂಗಳ ಆದಾಯ. ಸದುದ್ದೇಶದ ಸಣ್ಣ ಬ್ರ್ಯಾಂಡ್‌ಗಳ ಜೊತೆ ಕೆಲಸ ಮಾಡಬೇಕು ಅಂತ ಆಸೆಪಟ್ಟು ಬರುವವರು ಹೆಚ್ಚಾಗಿ ಉದ್ದೇಶದ ಬಗ್ಗೆಯೇ ಮಾತಾಡುತ್ತಾರೆ. ಉದ್ದೇಶ ಅವರ ಹತ್ತಿರ ಬೇಕಾದಷ್ಟಿದೆ. ನಮ್ಮ ಕೈಯಿಂದಾದ ತಪ್ಪನ್ನು ತಾಳಿಕೊಳ್ಳುವ ದುಡ್ಡು, ಸಮಯ ಎರಡೂ ಅವರಿಗಿಲ್ಲ. ಈ ವೃತ್ತಿಯನ್ನು ಅಲ್ಲಿಂದ ಕಟ್ಟುತ್ತಾ ಹೋಗಬೇಕು.

ಮೊದಲು: ಒಂದೇ ಒಂದು ಕೆಲಸ ಹಿಡಿಯಿರಿ

"ಬ್ರ್ಯಾಂಡಿಂಗ್, ವೆಬ್‌ಸೈಟ್, ಸೋಷಿಯಲ್ ಮೀಡಿಯಾ, ವಿಡಿಯೊ ಎಲ್ಲಾ ಮಾಡ್ತೀನಿ" ಅನ್ನುವವರನ್ನು ಯಾವುದಕ್ಕೂ ಕರೆಯುವುದಿಲ್ಲ. ಸಣ್ಣ ಬ್ರ್ಯಾಂಡಿನ ಯಜಮಾನರಿಗೆ ತಮಗೆ ಬ್ರ್ಯಾಂಡಿಂಗ್ ಬೇಕು ಅಂತ ಅನಿಸುವುದೇ ಅಪರೂಪ. ಅವರಿಗೆ ಅನಿಸುವುದು ಹೀಗೆ: ಅಂಗಡಿಯವರು ಪ್ಯಾಕಿಂಗ್ ಸರಿಯಿಲ್ಲ ಅಂತ ವಾಪಸ್ ಕಳಿಸಿದರು. ವೆಬ್‌ಸೈಟ್ ನೋಡಿದವರು ಫೋನ್ ಮಾಡಿ "ನೀವು ಏನು ಮಾರ್ತೀರಿ?" ಅಂತ ಕೇಳ್ತಾರೆ. ಅನುದಾನ ಕೊಟ್ಟವರಿಗೆ ವರ್ಷದ ವರದಿ ಕಳಿಸಬೇಕು, ಅದು ಇನ್ನೂ ಎಕ್ಸೆಲ್ ಶೀಟಿನಲ್ಲೇ ಇದೆ.

ಈ ಮೂರರಲ್ಲಿ ಯಾವುದಾದರೂ ಒಂದನ್ನು ನಿಮ್ಮದು ಮಾಡಿಕೊಳ್ಳಿ. ಆರಿಸುವಾಗ ಇಷ್ಟು ನೋಡಿದರೆ ಸಾಕು: ಆ ಕೆಲಸ ಅವರಿಗೆ ಮತ್ತೆ ಮತ್ತೆ ಬರುತ್ತದೆಯೇ? ಲೋಗೊ ಒಂದೇ ಸಲ. ಲೇಬಲ್ ಹೊಸ ಉತ್ಪನ್ನ ಬಂದಾಗಲೆಲ್ಲ. ವರದಿ ಪ್ರತಿ ವರ್ಷ. ನಾನು ಲೇಬಲ್ ಹಿಡಿದೆ. ಬಾರ್‌ಕೋಡಿನ ಪ್ರಸಂಗ ಆದಮೇಲೂ ಬಿಡಲಿಲ್ಲ, ಅಥವಾ ಅದಾದ ಮೇಲೆಯೇ ಸರಿಯಾಗಿ ಹಿಡಿದೆ ಅನ್ನಬೇಕು.

ತೋರಿಸಲು ಹಳೆಯ ಕೆಲಸ ಇಲ್ಲದವರು ಹೆಸರಾಂತ ಕಂಪನಿಗಳ ಲೋಗೊ ತಿದ್ದಿ ತೋರಿಸುವುದುಂಟು. ಅದರಿಂದ ಯಾವ ಪ್ರಯೋಜನವೂ ಇಲ್ಲ. ನಿಮಗೆ ಪರಿಚಯ ಇರುವ ಒಂದು ಸಣ್ಣ ಸಂಸ್ಥೆಯ ಅರ್ಜಿ ನಮೂನೆಯನ್ನೋ ಬೆಲೆ ಪಟ್ಟಿಯನ್ನೋ ತೆಗೆದುಕೊಂಡು, ಅವರ ಒಪ್ಪಿಗೆ ಪಡೆದು, ಸರಿಪಡಿಸಿ. ಹಳೆಯದು, ಹೊಸದು ಅಕ್ಕಪಕ್ಕ ಇಟ್ಟು, ಏನು ಬದಲಾಯಿಸಿದಿರಿ, ಯಾಕೆ ಅಂತ ಆರೇಳು ಸಾಲು ಬರೆಯಿರಿ. ಅಂಥ ಎರಡು ಕೆಲಸ ಇದ್ದರೆ ಮೊದಲ ಗಿರಾಕಿಯ ಮುಂದೆ ಕೂರಬಹುದು.

ಎರಡನೆಯದು: ಉದ್ದೇಶ ಗಟ್ಟಿಯೋ ಟೊಳ್ಳೋ, ತಟ್ಟಿ ನೋಡಿ

ಇದಕ್ಕೆ ಸ್ವಲ್ಪ ಹೊತ್ತು ಕೊಡಿ. ಎಲ್ಲರ ಬಾಯಲ್ಲೂ ಉದ್ದೇಶ ಚೆನ್ನಾಗಿಯೇ ಕೇಳಿಸುತ್ತದೆ. ನಾನು ಕೇಳುವ ಪ್ರಶ್ನೆ ಒಂದೇ: "ಈ ಉದ್ದೇಶದ ಕಾರಣಕ್ಕೆ ನೀವು ಯಾವ ವ್ಯಾಪಾರವನ್ನು ಬಿಟ್ಟಿರಿ?" ನಿಜವಾದ ಉದ್ದೇಶ ಎಲ್ಲೋ ಒಂದು ಕಡೆ ನಷ್ಟ ಮಾಡಿಸಿಯೇ ಇರುತ್ತದೆ. ಬಳಸಿದ ಕಾಗದದಿಂದ ನೋಟ್‌ಬುಕ್ ಮಾಡುವವರೊಬ್ಬರು ತಕ್ಷಣ ಹೇಳಿದರು: ಹೊಳಪಿನ ಪ್ಲಾಸ್ಟಿಕ್ ಪದರ ಬೇಕು ಅಂದ ಒಂದು ದೊಡ್ಡ ಆರ್ಡರನ್ನು ಬೇಡ ಅಂದಿದ್ದೇವೆ, ಆ ತಿಂಗಳು ಸಂಬಳ ತಡವಾಯಿತು. ಇನ್ನೊಬ್ಬರು ಇದೇ ಪ್ರಶ್ನೆಗೆ ಹತ್ತು ನಿಮಿಷ ತಮ್ಮ ಕನಸಿನ ಬಗ್ಗೆ ಮಾತಾಡಿದರು. ಎರಡನೆಯವರ ಕೆಲಸ ನಾನು ಒಪ್ಪಿಕೊಂಡೆ, ದುಡ್ಡೂ ಬಂತು. ಆದರೆ ಅದನ್ನು ಮಾಮೂಲಿ ಕೆಲಸ ಅಂತಲೇ ಲೆಕ್ಕ ಹಾಕಿದೆ, ರಿಯಾಯಿತಿ ಕೊಡಲಿಲ್ಲ.

ದೊಡ್ಡವರಲ್ಲೂ ಇದೇ ಅಳತೆ. ಹೊರಾಂಗಣ ಉಡುಪು ಮಾರುವ ಅಮೆರಿಕದ ಕಂಪನಿ ಪ್ಯಾಟಗೋನಿಯಾ 2011ರಲ್ಲಿ, ವರ್ಷದಲ್ಲೇ ಅತಿ ಹೆಚ್ಚು ವ್ಯಾಪಾರ ಆಗುವ ಬ್ಲ್ಯಾಕ್ ಫ್ರೈಡೇ ದಿನ, ತನ್ನದೇ ಜಾಕೆಟ್ಟಿನ ಚಿತ್ರ ಹಾಕಿ ಇದನ್ನು ಕೊಳ್ಳಬೇಡಿ ಅಂತ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪುಟ ತುಂಬ ಜಾಹೀರಾತು ಕೊಟ್ಟಿತು. ಅದು ಜಾಣ ಜಾಹೀರಾತೂ ಹೌದು ಅಂತ ಅನುಮಾನಪಡಬಹುದು. ಆದರೆ 2022ರಲ್ಲಿ ಮಾಲೀಕರ ಕುಟುಂಬ ಕಂಪನಿಯ ಒಡೆತನವನ್ನೇ ಒಂದು ಟ್ರಸ್ಟಿಗೂ ಪರಿಸರಕ್ಕಾಗಿ ದುಡಿಯುವ ಒಂದು ಸಂಸ್ಥೆಗೂ ಬಿಟ್ಟುಕೊಟ್ಟಿತು. ಅಷ್ಟಾದ ಮೇಲೆ ಅನುಮಾನಕ್ಕೆ ಜಾಗ ಕಡಿಮೆ.

ಸರ್ಟಿಫಿಕೇಟ್ ಇದ್ದರೆ ಒಳ್ಳೆಯದು. ಅಮೆರಿಕದಲ್ಲಿ 2006ರಲ್ಲಿ ಶುರುವಾದ ಬಿ ಲ್ಯಾಬ್ ಎಂಬ ಸಂಸ್ಥೆ, ಸಮಾಜ, ಪರಿಸರದ ಹೊಣೆ ಹೊತ್ತು ವ್ಯಾಪಾರ ಮಾಡುವ ಕಂಪನಿಗಳಿಗೆ ಕೊಡುವ ಬಿ ಕಾರ್ಪ್ ಮಾನ್ಯತೆ ಇವತ್ತು ಹಲವು ದೇಶಗಳಲ್ಲಿದೆ. ಆದರೆ ಅದಕ್ಕೆ ಶುಲ್ಕ ಕಟ್ಟಬೇಕು, ರಾಶಿ ದಾಖಲೆ ಒದಗಿಸಬೇಕು. ನಾಲ್ಕು ಜನರ ಘಟಕಕ್ಕೆ ಅಷ್ಟು ಪುರುಸೊತ್ತು ಇರುವುದಿಲ್ಲ. ಮುದ್ರೆ ಇಲ್ಲ ಅಂದ ಮಾತ್ರಕ್ಕೆ ಟೊಳ್ಳು ಅಂತಲ್ಲ, ಇದೆ ಅಂದ ಮಾತ್ರಕ್ಕೆ ನಿಮ್ಮ ಬಿಲ್ಲು ಸಮಯಕ್ಕೆ ಪಾವತಿಯಾಗುತ್ತದೆ ಅಂತಲೂ ಅಲ್ಲ.

ಮೂರನೆಯದು: ಗಿರಾಕಿ ಸಿಗುವ ಜಾಗ

ಫ್ರೀಲಾನ್ಸ್ ತಾಣಗಳಲ್ಲಿ ಇವರು ಸಿಗುವುದು ಕಡಿಮೆ. ನನಗೆ ಅತಿ ಹೆಚ್ಚು ಕೆಲಸ ತಂದುಕೊಟ್ಟವರು ಪ್ರಿಂಟಿಂಗ್ ಪ್ರೆಸ್ಸಿನವರು. ಯಾರು ಹೊಸ ಉತ್ಪನ್ನ ತರುತ್ತಿದ್ದಾರೆ, ಯಾರು ಹಾಳು ಫೈಲು ತಂದು ಒದ್ದಾಡುತ್ತಿದ್ದಾರೆ, ಎಲ್ಲ ಅವರಿಗೆ ಗೊತ್ತು. ಅವರ ತಲೆನೋವು ಕಡಿಮೆ ಮಾಡುವ ಹಾಗೆ ಫೈಲು ಕೊಡಿ: ಕತ್ತರಿಸುವ ಗೆರೆಯಿಂದ ಆಚೆ 3 ಮಿ.ಮೀ. ಬ್ಲೀಡ್ (ಅಂಚಿನಲ್ಲಿ ಬಿಳಿ ಉಳಿಯದ ಹಾಗೆ ಹೆಚ್ಚಿಗೆ ಬಿಡುವ ಬಣ್ಣ), ಸಿಎಂವೈಕೆ ಬಣ್ಣ (ಪ್ರೆಸ್ಸಿನ ನಾಲ್ಕು ಶಾಯಿಗಳ ಲೆಕ್ಕ), ಚಿತ್ರಗಳು 300 ಡಿಪಿಐ (ಇಂಚಿಗೆ 300 ಚುಕ್ಕಿ), ಅಕ್ಷರಗಳನ್ನು ಔಟ್‌ಲೈನ್ ಮಾಡಿದ (ಫಾಂಟ್ ಇಲ್ಲದೆಯೂ ಕಾಣುವ ಹಾಗೆ ಆಕಾರಕ್ಕೆ ಬದಲಿಸಿದ) ಪಿಡಿಎಫ್. ಎರಡು ಸಲ ಹೀಗೆ ಕೊಟ್ಟರೆ ಮೂರನೇ ಸಲ ಅವರೇ ನಿಮ್ಮ ನಂಬರು ಹಂಚುತ್ತಾರೆ. ಲೆಕ್ಕಪತ್ರ ನೋಡುವವರು, ಸಹಕಾರ ಸಂಘಗಳು, ಹೊಸ ಉದ್ದಿಮೆಗಳಿಗೆ ಜಾಗ ಕೊಡುವ ಇನ್‌ಕ್ಯುಬೇಟರ್‌ಗಳು ಆಮೇಲಿನ ಸಾಲಿನವು.

ಗುರುತಿಲ್ಲದವರಿಗೆ ಬರೆಯುವ ಮೊದಲ ಪತ್ರ ಆರು ಸಾಲು ದಾಟಬಾರದು. ನಾನು ಬರೆಯುವುದು ಹೆಚ್ಚು ಕಡಿಮೆ ಹೀಗಿರುತ್ತದೆ:

"ನಮಸ್ಕಾರ. ನಿಮ್ಮ ನೋಟ್‌ಬುಕ್ ತಗೊಂಡು ಎರಡು ತಿಂಗಳಿಂದ ಬಳಸ್ತಾ ಇದ್ದೀನಿ. ಒಳಗಿನ ಕಾಗದ ಬಳಸಿದ ಕಾಗದದ್ದು ಅನ್ನೋ ವಿಷಯ ನನಗೆ ಗೊತ್ತಾಗಿದ್ದು ಹಿಂದಿನ ರಟ್ಟಿನ ಒಳಗಡೆ, ಅದೂ ಪುಸ್ತಕ ಮುಗಿಯೋ ಹೊತ್ತಿಗೆ. ಅಂಗಡಿಯಲ್ಲಿ ಕೈಗೆತ್ತಿಕೊಂಡವರಿಗೆ ಅದು ಮುಂದೆಯೇ ಕಾಣಬೇಕು ಅನ್ನಿಸ್ತು. ನಾನು ಲೇಬಲ್ ಮತ್ತು ಪ್ಯಾಕಿಂಗ್ ವಿನ್ಯಾಸ ಮಾಡ್ತೀನಿ. ಮುಂದಿನ ಸಲ ಪ್ರಿಂಟ್‌ಗೆ ಹೋಗೋ ಮೊದಲು ಅರ್ಧ ಗಂಟೆ ಮಾತಾಡೋಣವಾ?"

ಇದರಲ್ಲಿ ನನ್ನ ಹೊಗಳಿಕೆ ಇಲ್ಲ, ಅವರ ಹೊಗಳಿಕೆಯೂ ಇಲ್ಲ. ಅವರ ವಸ್ತುವನ್ನು ನಾನು ನಿಜಕ್ಕೂ ಬಳಸಿದ್ದೇನೆ ಅನ್ನುವುದು ಮಾತ್ರ ಕಾಣುತ್ತದೆ. ಬಳಸದೆ ಬರೆಯಬೇಡಿ, ಗೊತ್ತಾಗಿಬಿಡುತ್ತದೆ.

ನಾಲ್ಕನೆಯದು: ದುಡ್ಡಿನ ಮಾತು

ಒಳ್ಳೆಯ ಉದ್ದೇಶದವರ ಹತ್ತಿರ ದುಡ್ಡು ಕೇಳುವುದಕ್ಕೆ ಸಂಕೋಚ ಆಗುತ್ತದೆ. ನನಗೂ ಮೊದಲ ಎರಡು ವರ್ಷ ಆಗುತ್ತಿತ್ತು. ಆ ಸಂಕೋಚದ ಬೆಲೆಯನ್ನು ಕೊನೆಗೆ ಗಿರಾಕಿಯೇ ತೆರಬೇಕಾಗುತ್ತದೆ. ಕಡಿಮೆ ರೇಟಿಗೆ ಒಪ್ಪಿಕೊಂಡ ಕೆಲಸವನ್ನು ನಾವು ರಾತ್ರಿ ಹನ್ನೊಂದರ ಮೇಲೆ ಅರೆಮನಸ್ಸಿನಲ್ಲಿ ಮಾಡುತ್ತೇವೆ, ಬಾರ್‌ಕೋಡು ಕೆಂಪಾಗುವುದು ಅಂಥ ಹೊತ್ತಿನಲ್ಲೇ.

ಲೆಕ್ಕ ಹೀಗೆ ಹಾಕಿ. ವರ್ಷಕ್ಕೆ 52 ವಾರ. ರಜೆ, ಹುಷಾರಿಲ್ಲದ ದಿನ, ಕೆಲಸವೇ ಬಾರದ ದಿನ ಸೇರಿ 6 ವಾರ ಕಳೆಯಿರಿ, ಉಳಿದದ್ದು 46. ವಾರಕ್ಕೆ 40 ಗಂಟೆ ದುಡಿದರೂ ಬಿಲ್ ಮಾಡಲಾಗುವುದು 22 ಗಂಟೆಯ ಆಸುಪಾಸು. ಉಳಿದದ್ದು ಫೋನು, ಕೊಟೇಶನ್, ಬಾಕಿ ವಸೂಲಿ, ಹೊಸದು ಕಲಿಯುವುದು. 46ನ್ನು 22ರಿಂದ ಗುಣಿಸಿದರೆ 1012, ಅಂದಾಜು ಸಾವಿರ ಗಂಟೆ ಅಂದುಕೊಳ್ಳಿ. ನಿಮ್ಮ ಒಂದು ವರ್ಷದ ಮನೆ ಖರ್ಚು, ತೆರಿಗೆ, ಕಂಪ್ಯೂಟರು, ಸಾಫ್ಟ್‌ವೇರ್, ಉಳಿತಾಯ ಎಲ್ಲ ಕೂಡಿಸಿ ಸಾವಿರದಿಂದ ಭಾಗಿಸಿ. ಬಂದ ಅಂಕಿ ಗಂಟೆಯ ರೇಟು. ಬಹಳ ಜನ ಎರಡು ಸಾವಿರದಿಂದ ಭಾಗಿಸುತ್ತಾರೆ. ವರ್ಷ ಪೂರ್ತಿ ದುಡಿದೂ ಕೈ ಯಾಕೆ ಖಾಲಿ ಅಂತ ಆಮೇಲೆ ಯೋಚಿಸುತ್ತಾರೆ.

ಈ ರೇಟನ್ನು ಗಿರಾಕಿಗೆ ಹೇಳಬೇಕಾಗಿಲ್ಲ. ಕೆಲಸಕ್ಕೆ ಎಷ್ಟು ಗಂಟೆ ಹಿಡಿಯುತ್ತದೆ ಅಂತ ನೋಡಿ, ಒಟ್ಟು ಮೊತ್ತ ಹೇಳಿ. ಅರ್ಧ ಅಡ್ವಾನ್ಸ್, ಉಳಿದರ್ಧ ಅಂತಿಮ ಫೈಲು ಕೊಡುವ ಮೊದಲು. ಎರಡು ಸುತ್ತಿನ ತಿದ್ದುಪಡಿ ಒಳಗೊಂಡಿದೆ, ಮೂರನೆಯದಕ್ಕೆ ಬೇರೆ. ಅವರ ಹತ್ತಿರ ಅಷ್ಟು ಇಲ್ಲ ಅಂದರೆ ರೇಟು ಇಳಿಸಬೇಡಿ, ಕೆಲಸ ಇಳಿಸಿ: ಐದು ಲೇಬಲ್ ಬೇಡ, ಒಂದು ಮಾದರಿ ಮಾಡೋಣ, ಉಳಿದ ನಾಲ್ಕನ್ನು ಅದರ ಮೇಲೆ ನೀವೇ ಬದಲಾಯಿಸಿಕೊಳ್ಳಿ. ಕಂತಿನಲ್ಲಿ ಕೊಡಲಿ, ಪರವಾಗಿಲ್ಲ. ಲಾಭದಲ್ಲಿ ಪಾಲು ಕೊಡ್ತೀವಿ ಅಂದರೆ ಕೈಮುಗಿದು ಬಿಡಿ. ಲೆಕ್ಕದ ಪುಸ್ತಕ ನೋಡುವ ಹಕ್ಕಿಲ್ಲದ ಪಾಲು ಪಾಲೇ ಅಲ್ಲ.

ಪುಕ್ಕಟೆ ಮಾಡುವುದಾದರೆ? ಮಾಡಿ, ವರ್ಷಕ್ಕೊಂದು, ನೀವೇ ಆರಿಸಿಕೊಂಡದ್ದು. ಅದಕ್ಕೂ ಅದೇ ಕರಾರು, ಅದೇ ಗಡುವು. 2001ರಲ್ಲಿ ಅಮೆರಿಕದಲ್ಲಿ ಆರನ್ ಹರ್ಸ್ಟ್ ಶುರುಮಾಡಿದ ಟ್ಯಾಪ್‌ರೂಟ್ ಫೌಂಡೇಶನ್ ಪುಕ್ಕಟೆ ವೃತ್ತಿಸೇವೆಯನ್ನು ಹೀಗೆ ವ್ಯಾಪ್ತಿ ಗೊತ್ತುಮಾಡಿದ ಯೋಜನೆಯಾಗಿ ನಡೆಸಿತು. ನಾನು ಅದಕ್ಕೂ ಬಿಲ್ ಕಳಿಸುತ್ತೇನೆ: ಪೂರ್ತಿ ಮೊತ್ತ, ಕೆಳಗೆ ನೂರಕ್ಕೆ ನೂರು ರಿಯಾಯಿತಿ, ಕೊಡಬೇಕಾದದ್ದು ಸೊನ್ನೆ. ಆ ಹಾಳೆ ಅವರ ಕೈಯಲ್ಲಿದ್ದರೆ ರಾತ್ರಿ ಹತ್ತಕ್ಕೆ "ಒಂದು ಚಿಕ್ಕ ಬದಲಾವಣೆ" ಅನ್ನುವ ಮೆಸೇಜುಗಳು ಆಶ್ಚರ್ಯ ಆಗುವಷ್ಟು ಕಡಿಮೆಯಾಗುತ್ತವೆ.

ಐದನೆಯದು: ಕೈ ನೋಡಿ ಕೆಲಸ ಮಾಡಿ

ಮೊದಲ ಭೇಟಿಯಲ್ಲಿ ಯಾವ ಬಣ್ಣ ಇಷ್ಟ ಅಂತ ಕೇಳಬೇಡಿ. ನಿಮ್ಮ ಅತಿ ಗಡಿಬಿಡಿಯ ದಿನ ಹೇಗಿರುತ್ತದೆ ಅಂತ ಕೇಳಿ. ಪ್ಯಾಕ್ ಮಾಡುವವರು ಯಾರು, ಲೇಬಲ್ ಅಂಟಿಸುವವರು ಯಾರು, ಫೋಟೊ ತೆಗೆದು ಹಾಕುವವರು ಯಾರು, ಯಾವ ಫೋನಿನಲ್ಲಿ? ನಿಮ್ಮ ವಿನ್ಯಾಸ ಬದುಕಬೇಕಾದದ್ದು ಆ ಕೈಗಳಲ್ಲಿ.

ಒಮ್ಮೆ ನಾನು ಮೂರು ಜನ ಕೆಲಸ ಮಾಡುವ ಒಂದು ಘಟಕಕ್ಕೆ 64 ಪುಟಗಳ ಬ್ರ್ಯಾಂಡ್ ಕೈಪಿಡಿ ಮಾಡಿಕೊಟ್ಟೆ. ಲೋಗೊ ಸುತ್ತ ಎಷ್ಟು ಜಾಗ ಬಿಡಬೇಕು ಅನ್ನುವುದಕ್ಕೇ ನಾಲ್ಕು ಪುಟ. ಮೂಗಿಗಿಂತ ಮೂಗುತಿ ಭಾರ. ಆರು ತಿಂಗಳ ಮೇಲೆ ಹೋಗಿ ನೋಡಿದರೆ ವಾಟ್ಸಾಪ್‌ನಲ್ಲಿ ಬಂದ ಮಸುಕು ಲೋಗೊವನ್ನೇ ಕ್ರಾಪ್ ಮಾಡಿ ಬಳಸುತ್ತಿದ್ದರು. ತಪ್ಪು ಅವರದ್ದಲ್ಲ, ಆ ಪಿಡಿಎಫ್ ಅವರ ಫೋನಿನಲ್ಲಿ ತೆರೆಯುವುದಕ್ಕೇ ಒಂದು ನಿಮಿಷ ಹಿಡಿಯುತ್ತಿತ್ತು.

ಅದಾದ ಮೇಲೆ ಎರಡೇ ಪುಟ ಕೊಡತೊಡಗಿದೆ. ಮೊದಲ ಪುಟವನ್ನು ಪ್ರಿಂಟ್ ಹಾಕಿ ಪ್ಯಾಕಿಂಗ್ ಮೇಜಿನ ಮೇಲಿನ ಗೋಡೆಗೆ ನಾನೇ ಅಂಟಿಸಿ ಬರುತ್ತೇನೆ. ಅದರಲ್ಲಿ ಲೋಗೊ ಎರಡು ರೂಪ, ಬಣ್ಣ ಮೂರು (ಪರದೆಗೆ ಬೇರೆ ಸಂಖ್ಯೆ, ಪ್ರೆಸ್ಸಿಗೆ ಬೇರೆ), ಫಾಂಟು ಎರಡು, ಬ್ರ್ಯಾಂಡು ಮಾತಾಡುವ ಧಾಟಿಗೆ ಒಂದು ಮಾದರಿ ಪ್ಯಾರಾ, ಬಳಸಬಾರದ ಪದಗಳು. ಎರಡನೇ ಪುಟದ ಕತೆ ಕೊನೆಗೆ.

ಫಾಂಟಿನಲ್ಲಿ ಒಂದು ಎಚ್ಚರ. ನೀವು ಕೊಂಡ ಫಾಂಟಿನ ಪರವಾನಗಿ ಸಾಮಾನ್ಯವಾಗಿ ನಿಮಗೆ ಮಾತ್ರ. ಫೈಲು ಕೊಟ್ಟ ಮಾತ್ರಕ್ಕೆ ಗಿರಾಕಿಗೆ ಹಕ್ಕು ಬರುವುದಿಲ್ಲ. ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಅಡಿ ಬಂದ ಫಾಂಟುಗಳನ್ನು ವ್ಯಾಪಾರಕ್ಕೂ ಪುಕ್ಕಟೆ ಬಳಸಬಹುದು, ಇನ್ನೊಬ್ಬರಿಗೆ ಕೊಡಲೂಬಹುದು. ಗೂಗಲ್ ಫಾಂಟ್ಸ್‌ನಲ್ಲಿ ಸಿಗುವ ಬಹುಪಾಲು ಫಾಂಟುಗಳು ಅಂಥವೇ. ಇನ್ನು ಬಣ್ಣ: ಪರದೆಯ ಮೇಲೆ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕು ಅಂತ ವೆಬ್ ಸುಲಭಲಭ್ಯತೆಯ ಡಬ್ಲ್ಯುಸಿಎಜಿ ಮಾನದಂಡ ಹೇಳುತ್ತದೆ, ದೊಡ್ಡ ಅಕ್ಷರಕ್ಕೆ 3:1. ತಿಳಿ ಹಸಿರಿನ ಮೇಲೆ ಬಿಳಿ ಅಕ್ಷರ ಹಾಕುವ ಚಾಳಿ ಪರಿಸರದ ಬ್ರ್ಯಾಂಡ್‌ಗಳಲ್ಲಿ ಎಷ್ಟಿದೆ ಅಂದರೆ, ಆ ಒಂದನ್ನು ಸರಿಮಾಡಿಕೊಂಡೇ ಒಂದು ವರ್ಷ ಬದುಕಬಹುದೇನೋ.

ಬಾರ್‌ಕೋಡು ಕಪ್ಪು, ಹಿನ್ನೆಲೆ ಬಿಳಿ. ಅಂಗಡಿ ಸರಕಿನ ಮೇಲೆ ಹಾಕುವ 13 ಅಂಕಿಯ ಬಾರ್‌ಕೋಡು ಇಎಎನ್-13ರ ಪ್ರಮಾಣಿತ ಅಳತೆ 37.29 × 25.93 ಮಿ.ಮೀ.; ಅದರ ಶೇ 80ಕ್ಕಿಂತ ಚಿಕ್ಕದು ಮಾಡಬೇಡಿ, ಎರಡೂ ಬದಿಯ ಖಾಲಿ ಜಾಗವನ್ನು ತಿನ್ನಬೇಡಿ. ಪ್ರೆಸ್ಸಿಗೆ ಕಳಿಸುವ ಮೊದಲು ನಿಜವಾದ ಅಳತೆಯಲ್ಲಿ ಒಂದು ಪ್ರತಿ ತೆಗೆದು, ಅಂಗಡಿಗೆ ಹೋಗಿ, ಬೀಪ್ ಅನ್ನಿಸಿಕೊಂಡು ಬನ್ನಿ. ನಾಚಿಕೆ ಬೇಡ.

ಆರನೆಯದು: ಪದಗಳನ್ನು ಅಳೆದು ಹಾಕಿ

"ಪರಿಸರಸ್ನೇಹಿ" ಅಂತ ಲೇಬಲ್ ಮೇಲೆ ಹಾಕಿ ಅಂದಾಗ ಹಾಕುವುದು ಸುಲಭ. 1986ರಲ್ಲಿ ಜೇ ವೆಸ್ಟರ್‌ವೆಲ್ಡ್ ಎಂಬ ಅಮೆರಿಕದ ಪರಿಸರವಾದಿ, ಪರಿಸರ ಉಳಿಸಲು ಟವೆಲನ್ನು ಮತ್ತೆ ಬಳಸಿ ಅಂತ ಚೀಟಿ ಇಡುವ ಹೋಟೆಲುಗಳನ್ನು ಕುರಿತು ಬರೆಯುತ್ತಾ ಗ್ರೀನ್‌ವಾಷಿಂಗ್ (ಪರಿಸರ ಕಾಳಜಿಯ ಸೋಗು) ಅನ್ನುವ ಪದ ಹುಟ್ಟುಹಾಕಿದ. ಈಗ ಅದು ಬರೀ ಮೂದಲಿಕೆಯಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1992ರಲ್ಲೇ ಇಂಥ ಮಾತುಗಳಿಗೆ ಮಾರ್ಗಸೂಚಿ ತಂದು 2012ರಲ್ಲಿ ಪರಿಷ್ಕರಿಸಿತು. ಯುರೋಪಿಯನ್ ಒಕ್ಕೂಟದ 2024ರ ನಿರ್ದೇಶನ 2026ರ ಸೆಪ್ಟೆಂಬರ್ 27ರಿಂದ ಜಾರಿಗೆ ಬರುವಂಥದ್ದು. ಸಾಧಿಸಿ ತೋರಿಸಲಾಗದ ಸಾಮಾನ್ಯ ಪರಿಸರ ಹೊಗಳಿಕೆಗೆ ಅದರಲ್ಲಿ ನಿಷೇಧ ಇದೆ. ಅಲ್ಲಿಗೆ ಸರಕು ಕಳಿಸುವ ಕನಸಿರುವ ಸಣ್ಣ ಬ್ರ್ಯಾಂಡಿಗೆ ಇದನ್ನು ಹೇಳುವವರು ನೀವೇ ಆಗಿರಬಹುದು.

ಪರಿಹಾರ ಸರಳ, ಬರವಣಿಗೆಗೂ ಒಳ್ಳೆಯದು. "ಪರಿಸರಸ್ನೇಹಿ ಬಾಟಲಿ" ತೆಗೆಯಿರಿ. "ಬಾಟಲಿ ಪೂರ್ತಿ ಮರುಬಳಕೆಯ ಪ್ಲಾಸ್ಟಿಕ್. ಮುಚ್ಚಳ ಇನ್ನೂ ಅಲ್ಲ" ಅಂತ ಬರೆಯಿರಿ. ಆ "ಇನ್ನೂ ಅಲ್ಲ" ಅನ್ನುವುದನ್ನು ಓದಿದವರು ಉಳಿದದ್ದನ್ನೂ ನಂಬುತ್ತಾರೆ. ಇದನ್ನು ಒಪ್ಪಿಸುವುದಕ್ಕೆ ಒಮ್ಮೆ ನನಗೆ ಮೂರು ಭೇಟಿ ಹಿಡಿಯಿತು.

ಏಳನೆಯದು: ಕಾಗದಪತ್ರ

ಬೇಸರದ ಭಾಗ, ಬೇಗ ಮುಗಿಸೋಣ. ಫ್ರೀಲಾನ್ಸ್ ಕೆಲಸದ ಕೃತಿಸ್ವಾಮ್ಯ ಬಹುತೇಕ ದೇಶಗಳಲ್ಲಿ, ಬರಹದಲ್ಲಿ ವರ್ಗಾಯಿಸುವ ತನಕ, ಮಾಡಿದವರದ್ದೇ. ಆದರೆ ದೇಶದಿಂದ ದೇಶಕ್ಕೆ ಅಪವಾದಗಳುಂಟು, ಆದ್ದರಿಂದ ಕರಾರಿನಲ್ಲೇ ಬರೆದುಬಿಡಿ: ಕೊನೆಯ ಕಂತು ಬಂದ ದಿನ ಹಕ್ಕು ಅವರಿಗೆ, ನಿಮ್ಮ ಮಾದರಿ ಕೆಲಸವಾಗಿ ತೋರಿಸುವ ಹಕ್ಕು ನಿಮಗೆ. ಡೊಮೈನ್ ಹೆಸರು, ಇಮೇಲ್, ಸೋಷಿಯಲ್ ಮೀಡಿಯಾ ಖಾತೆ ಎಲ್ಲವನ್ನೂ ಮೊದಲ ದಿನದಿಂದಲೇ ಅವರ ಹೆಸರಿನಲ್ಲಿ ತೆರೆಸಿ. "ಸದ್ಯಕ್ಕೆ ನನ್ನ ಹೆಸರಲ್ಲಿ ಇರಲಿ" ಅಂತ ಡಿಸೈನರ್ ಹೇಳಿ, ನವೀಕರಣ ಮರೆತು, ಡೊಮೈನೇ ಕೈತಪ್ಪಿದ ಒಂದು ಬ್ರ್ಯಾಂಡ್ ನನ್ನ ಹತ್ತಿರ ಬಂದಿತ್ತು. ಅಚ್ಚಾಗಿ ಹೋಗಿದ್ದ ಲೇಬಲ್ ಮೇಲೆಲ್ಲ ಹಳೆಯ ವಿಳಾಸ.

ಎಂಟನೆಯದು: ಬೇರೆ ಗಿರಾಕಿಗಳೂ ಇರಲಿ

ಪೂರ್ತಿ ಸದುದ್ದೇಶದ ಗಿರಾಕಿಗಳಿಂದಲೇ ಬದುಕುತ್ತೇನೆ ಅಂತ ಮೊದಲ ವರ್ಷವೇ ಹಟ ಹಿಡಿಯಬೇಡಿ. ಈ ಚಡಪಡಿಕೆ ಹಳೆಯದು. 1964ರಲ್ಲಿ ಬ್ರಿಟನ್ನಿನ ವಿನ್ಯಾಸಕಾರ ಕೆನ್ ಗಾರ್ಲಂಡ್ ಒಂದು ಘೋಷಣಾಪತ್ರ ಪ್ರಕಟಿಸಿದರು. ನಮ್ಮ ಪ್ರತಿಭೆಯೆಲ್ಲ ಬೆಕ್ಕಿನ ಆಹಾರ, ಪಟ್ಟೆಪಟ್ಟೆ ಟೂತ್‌ಪೇಸ್ಟ್ ಮಾರುವುದಕ್ಕೆ ಖರ್ಚಾಗುತ್ತಿದೆ, ಕೈಪಿಡಿ, ಸೂಚನಾಫಲಕ, ಶಿಕ್ಷಣದಂಥ ಕೆಲಸಗಳ ಕಡೆ ತಿರುಗೋಣ ಅಂತ. ಅದರಲ್ಲೇ ಅವರು ಜಾಹೀರಾತನ್ನು ಪೂರ್ತಿ ಕೈಬಿಡಿ ಅಂತ ಹೇಳುತ್ತಿಲ್ಲ, ಅದು ಆಗುವ ಮಾತಲ್ಲ ಅಂತಲೂ ಒಪ್ಪಿಕೊಂಡಿದ್ದರು. ಆ ಸಾಲು ನನಗೆ ಸಮಾಧಾನ ಕೊಟ್ಟಿದೆ. ನನ್ನ ಮೊದಲ ವರ್ಷ ಐದರಲ್ಲಿ ಒಂದು ಕೆಲಸ ಇಂಥದ್ದಾಗಿತ್ತು, ಈಗ ಐದರಲ್ಲಿ ಮೂರು. ಉಳಿದ ಎರಡು ಮನೆ ಬಾಡಿಗೆ ಕಟ್ಟುತ್ತವೆ, ಯಾವ ಆತ್ಮಸಾಕ್ಷಿಯ ತೊಂದರೆಯನ್ನೂ ಕೊಡದೆ.

ಕೊನೆಯದಾಗಿ, ಫೈಲು ಒಪ್ಪಿಸಿದ ದಿನವೇ ಕ್ಯಾಲೆಂಡರಿನಲ್ಲಿ ಮೂರು ತಿಂಗಳ ಮುಂದಿನ ತಾರೀಕು ಗುರುತು ಹಾಕಿಕೊಳ್ಳಿ. ಆ ದಿನ ಹೋಗಿ, ಫೋನ್ ಬೇಡ, ಖುದ್ದಾಗಿ. ಚೆನ್ನಾಗಿತ್ತಾ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಅಂತಾರೆ. ಹೀಗೆ ಕೇಳಿ: ನಾನು ಕೊಟ್ಟದ್ದರಲ್ಲಿ ಯಾವುದನ್ನು ದಿನಾ ಬಳಸ್ತೀರಿ? ಯಾವುದನ್ನು ನೀವೇ ತಿದ್ದಿಕೊಂಡಿರಿ? ಯಾವುದನ್ನು ತೆರೆದೇ ಇಲ್ಲ? ತಿಂಗಳಿಗೆ ಎರಡು ದಿನದ ಕಾಯಂ ಕೆಲಸ ನನಗೆ ಸಿಕ್ಕಿದ್ದೆಲ್ಲ ಈ ಭೇಟಿಗಳಿಂದಲೇ. ತಿದ್ದಿಕೊಂಡದ್ದನ್ನು ತೋರಿಸುತ್ತಾ ಅವರು ಮುಂದಿನ ಕಷ್ಟವನ್ನೂ ಹೇಳುತ್ತಾರೆ.

ಕಳೆದ ಸಲ ಹೋದ ಕಡೆ ಗೋಡೆಯ ಮೇಲೆ ಮೊದಲ ಪುಟ ಎಣ್ಣೆ ಕಲೆಯಾಗಿ, ಅಂಚು ಹರಿದು, ಟೇಪು ಹಾಕಿಸಿಕೊಂಡಿತ್ತು. ಎರಡನೇ ಪುಟದಲ್ಲಿ ಬ್ರ್ಯಾಂಡಿನ ಕತೆ, ಧ್ಯೇಯ, ದೃಷ್ಟಿ ಎಲ್ಲ ನಾನು ಮುತುವರ್ಜಿಯಿಂದ ಬರೆದಿದ್ದೆ. ಅದೆಲ್ಲಿ ಅಂತ ಕೇಳಿದೆ. "ಅದಾ? ಅದು ನಮಗೆ ಗೊತ್ತಿರೋದೇ ಅಲ್ವಾ" ಅಂದರು. ಈಗ ಒಂದೇ ಪುಟ ಕೊಡುತ್ತೇನೆ, ಲ್ಯಾಮಿನೇಟ್ ಮಾಡಿಸಿ.